ರದ್ದಿ ಹಾಳೆಯ ದೇವರು

ಅಥಣಿ. ನಮ್ಮ ಓಣಿ. ಮೂರು ಗಂಟೆಯ ಬಿಸಿಲು.
ಕಾಲ್ಮರಿ ಸುತ್ತಲು ತಂದ ರದ್ದಿಯಲ್ಲಿ,
ಕಿಲೋಗೆ ಹದಿನಾಲ್ಕು ರೂಪಾಯಿಯ ಹಾಳೆಯಲ್ಲಿ
ಒಬ್ಬ ದೇವರು ಸಿಕ್ಕ.

ಕಸ್ತೂರೆವ್ವ ಅತ್ತೆ ಜಡೆ ಹೆಣೆಯುತ್ತಿದ್ದಳು,
ಕೂದಲಿನದಲ್ಲ, ತೊಗಲಿನದು,
ಎಳೆಯ ತುದಿ ಕಾಲ ಹೆಬ್ಬೆರಳಿಗೆ ಸಿಕ್ಕಿಸಿ.
ಕಣ್ಣೆತ್ತದೆ ಕೇಳಿದಳು: "ಯಾವ ದೇವರದು, ಓದು."

ಓದಿದೆ. ಕಡಲಾಚೆ ಅಜ್ಟೆಕರ ನಾಡು.
ಹೆಸರು ಶಿಪೆ ತೊತೆಕ್,
ಸುಲಿಸಿಕೊಂಡ ಒಡೆಯ ಅಂತ ಅರ್ಥ.
ಮೈಮೇಲೆ ಇನ್ನೊಂದು ಮೈಯ ಚರ್ಮ ಉಟ್ಟಿದ್ದಾನೆ,
ಮಣಿಕಟ್ಟಿನಲ್ಲಿ ಎರಡು ಖಾಲಿ ಕೈ ಜೋಲುತ್ತಿವೆ
ದೊಡ್ಡವರ ಅಂಗಿ ತೊಟ್ಟ ಮಗುವಿನ ತೋಳಿನ ಹಾಗೆ.
ಬೆನ್ನ ಮೇಲೆ ಗಂಟು, ಗಂಟಿನ ಕೆಳಗೆ ಗಂಟು.

ಅತ್ತೆ ಹಾಳೆ ಇಸಿದುಕೊಂಡು ಗಂಟನ್ನೇ ನೋಡಿದಳು.
"ಕಟ್ಟಿದ್ದು ಬರೋಬ್ಬರಿ ಐತಿ. ಹದಾ ಮಾಡಿಲ್ಲ.
ಸುಣ್ಣ ಇಲ್ಲ, ತಂಗಡಿ ತೊಗಟಿ ಇಲ್ಲ,
ಎಷ್ಟ ದಿನಾ ಉಡತಾರಂತ?"
ಇಪ್ಪತ್ತು ದಿನ, ಅಂದೆ.
"ನಾತಾ ಹೊಡೀತಿರಬೇಕು."
ನಾತದ ಬಗ್ಗೆ ಊರು ನಮಗೆ ಅಂದದ್ದನ್ನೆಲ್ಲ
ಒಮ್ಮೆಗೇ ನೆನೆದವಳಂತೆ ನಕ್ಕಳು.

ಗೊಂಜಾಳದ ತೆನೆ ಸಿಪ್ಪೆ ಬಿಚ್ಚುವುದೇ ಅವನ ಗುಟ್ಟು,
ಒಣಗಿದ್ದು ಹರಿದರೇನೇ ಹಸಿರು, ಎಂದು ಬರೆದಿತ್ತು.
ಅಕ್ಕಸಾಲಿಗರು ಅವನನ್ನು ಪೂಜಿಸುತ್ತಿದ್ದರು, ಎಂದೂ.
"ಅಕ್ಕಸಾಲಿಗ್ಯಾರು? ತೊಗಲ ಉಟ್ಟ ದೇವರು
ನಮ್ಮ ಓಣಿ ಬಿಟ್ಟು ಸರಾಫ ಕಟ್ಟೀಗೆ ಹೆಂಗ ಹೋದ?"

ಮುಂದಿನ ಸಾಲು ಓದಲು ಮನಸ್ಸಿರಲಿಲ್ಲ. ಓದಿದೆ.
ಆ ಚರ್ಮ ಸೆರೆಯಾಳಿನದು.

ಹೆಣಿಕೆ ನಿಂತಿತು. ಯಾರದೋ ಮನೆಯ ಕುಕ್ಕರು ಕೂಗಿತು.
"ನಮ್ಮ ಹರಳಯ್ಯ ತನ್ನ ತೊಡೀದು ಕೊಟ್ಟ.
ಕಲ್ಯಾಣಮ್ಮ ತನ್ನ ತೊಡೀದು.
ಮಂದೀದಲ್ಲ."

ಬಸವಣ್ಣ ಕಾಲಿಗಿಡದೆ ತಲೆಗೇರಿಸಿಕೊಂಡ ಜೋಡು.
ನಮ್ಮಲ್ಲಿ ಮಕ್ಕಳಿಗೆ ತುತ್ತಿನ ಜತೆ ಉಣ್ಣಿಸುವ ಕತೆ.
ಕೊನೆಯನ್ನು ಮಾತ್ರ ದೊಡ್ಡವರಾದ ಮೇಲೆ ಹೇಳುತ್ತಾರೆ:
ಆನೆಯ ಕಾಲು, ಹಗ್ಗ, ಕಲ್ಯಾಣದ ಬೀದಿ.

ಕೈಯಲ್ಲಿದ್ದ ಎಳೆಗೆ ಹೇಳುವಂತೆ ಅತ್ತೆ ಹೇಳಿದಳು,
"ಕಡೀಕ ಅವನ್ನೂ ಸೆರಿಯಾಳ ಮಾಡಿದ್ರು.
ದೇವರ ಹೆಸರಾಗ ಹರದ್ರೂ ಹರದಂಗ,
ರಾಜನ ಹೆಸರಾಗ ಹರದ್ರೂ ಹರದಂಗ.
ಮುಂದ ಓದು."

ಹಾಳೆಯ ಹಿಂಬದಿಗೆ ಇನ್ನೊಬ್ಬ. ಹೊಗೆಯಾಡುವ ಕನ್ನಡಿ ಅಂತ ಹೆಸರು.
ಎಲ್ಲ ನೀರಾಗಿದ್ದಾಗ ಭೂಮಿ ಒಂದು ಮೊಸಳೆ.
ಕಾಲನ್ನೇ ಗಾಳದ ಹುಳದಂತೆ ಇಳಿಬಿಟ್ಟ,
ಅದು ಕಚ್ಚಿತು, ಅದರ ಬೆನ್ನು ನೆಲವಾಯಿತು.
ಪಾದವಿದ್ದಲ್ಲಿ ಅವನಿಗೀಗ ಕರಿಗಲ್ಲಿನ ಕನ್ನಡಿ.

"ಹಲ್ಯಾಳದ ಪರಸಪ್ಪ!" ಅತ್ತೆ ನೆಲ ತಟ್ಟಿದಳು.

ಸಕ್ಕರೆ ರೋಗಕ್ಕೆ ಬಲಗಾಲು ಕೊಟ್ಟು
ಕೃಷ್ಣೆಯ ಮೊಸಳೆ ಒಯ್ದಿತೆಂದು ಊರಿಗೆಲ್ಲ ಸಾರಿದವನು.
ವರ್ಷಕ್ಕೊಮ್ಮೆ ಬಸ್ಸಿಳಿದು ಬಂದು
ಎಡಗಾಲಿನದೊಂದೇ ಕೇಳುತ್ತಾನೆ, ಅರ್ಧ ದುಡ್ಡು ಎಣಿಸುತ್ತಾನೆ.
ಒಂಟಿ ಮೆಟ್ಟು ಹೊಲಿಯಬಾರದೆಂದು
ಅತ್ತೆ ಪ್ರತಿ ಸಲವೂ ಜೋಡಿಯನ್ನೇ ಹೊಲಿಯುತ್ತಾಳೆ.
ಗೋಡೆಯ ಮೊಳೆಗಳಲ್ಲಿ ಬಲಗಾಲಿನವು, ಏಳು,
ಧೂಳು ಉಟ್ಟು ನೇತಾಡುತ್ತಿವೆ
ನೆಲವನ್ನೇ ಕಾಣದವು.

"ಇವನಿಗೆ ಯಾವ ಕಾಲಿಲ್ಲ ನೋಡು.
ಎಡಗಾಲಿಲ್ಲಂದ್ರ ಏಳೂ ಇವನಿಗೇ."

ಹಾಳೆ ಅಲ್ಲಿಗೇ ಹರಿದಿತ್ತು, ಮೊಣಕಾಲಿನ ಕೆಳಗೆ.

ಅತ್ತೆ ಎದ್ದು ಒಂದನ್ನು ಮೊಳೆಯಿಂದ ಇಳಿಸಿದಳು,
ಸೆರಗಿನಿಂದ ಒರೆಸಿ ಎಣ್ಣೆ ಹಚ್ಚಿ ತಿಕ್ಕಿದಳು.
ಹೊಳಪಿನೊಳಗೆ ಅವಳ ಮೋರೆ ತುಸು ಮೂಡಿತು,
ಮಾವನ ಬೀಡಿಯ ಹೊಗೆ ಅದರ ಮೇಲೆ ಹಾದು ಹೋಯಿತು.
"ಇರಲಿ. ಬಂದಾಗ ಅಳತಿ ತಗೊಂಡ್ರಾತು."

ಅಷ್ಟರಲ್ಲಿ ಗಿರಾಕಿ, ಮಿರಜದವನು, ಅವಸರ.
ಸುತ್ತಿ ಕೊಡಲು ಹಾಳೆಗೆ ಕೈ ಹಾಕಿದೆ.
"ಅದಲ್ಲ," ಅಂದಳು.